ಛತ್ರದವನನ್ನು ಮರೆಯದಿರೋಣ



ಅಕ್ಟೋಬರ್ 18ರಂದು ಧರ್ಮಸಭೆಯು ಶುಭಸಂದೇಶಕಾರರಾದ ಸಂತ ಲೂಕರ ಹಬ್ಬವನ್ನು ಆಚರಿಸುತ್ತದೆ. ವೈದ್ಯರೆಂದು ಹೆಸರಾದ ಈ ಸಂತರನ್ನು ವೈದ್ಯರೂ ದಾದಿಯರೂ ತಮ್ಮ ಪಾಲಕರೆಂದು ಗೌರವಿಸುತ್ತಾರೆ. ಅದೇ ತಿಂಗಳಲ್ಲಿ ವಿಶ್ವ ಪ್ರೇಷಿತ ಭಾನುವಾರವೂ ಬರುತ್ತದೆ. ದಯಾಳು ಸಮಾರಿಯದವನ ಸಾಮತಿಯನ್ನು ನಮಗೆ ಉಳಿಸಿಕೊಟ್ಟವರು ಲೂಕರೊಬ್ಬರೇ. ಆ ಸಾಮತಿಯ ಬೆಳಕಿನಲ್ಲಿ ಹೊರನಾಡುಗಳಿಂದ ಬಂದು ನಮ್ಮ ಸೀಮೆಯಲ್ಲಿ ಸೇವೆ ಮಾಡಿದವರ ಚರಿತ್ರೆಯನ್ನು ಒಮ್ಮೆ ನೆನೆಯೋಣ.

ಸಮಾರಿಯದವನ ಬಗ್ಗೆ ನಾವು ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಛತ್ರದವನ ಬಗ್ಗೆ ಕೇಳಿದ್ದೇವೆಯೇ? ಪರನಾಡಿನವನಾದ ಸಮಾರಿಯದವನು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಸುರಿದು ಕಟ್ಟಿದ. ಒಂದು ರಾತ್ರಿ ಜೊತೆಗಿದ್ದ. ಮರುದಿನ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ, ಛತ್ರದವನ ಕೈಗಿತ್ತು ಹೊರಟುಹೋದ. ಆಮೇಲೆ ಗಾಯಾಳುವಿಗೆ ಗಂಜಿ ಕಾಯಿಸಿದವರಾರು? ಬಟ್ಟೆ ಬದಲಿಸಿದವರಾರು? ಶುಭಸಂದೇಶ ಅವನ ಹೆಸರನ್ನು ಹೇಳುವುದಿಲ್ಲ. ಆದರೆ ಅವನಿಲ್ಲದಿದ್ದರೆ ಸಮಾರಿಯದವನ ದಯೆ ಒಂದೇ ರಾತ್ರಿಗೆ ಮುಗಿದುಹೋಗುತ್ತಿತ್ತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ನಂದಿಬೆಟ್ಟದ ಸುತ್ತ ಹಲವು ನದಿಗಳು ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲಿಲ್ಲ. ಕೆರೆ ನಂಬಿ ಬದುಕಿದ ಸೀಮೆ ಇದು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಜನ ಇಲ್ಲಿ ಬಹಳ. ಇಂಥ ಜನರ ನಡುವೆ ಸೇವೆಗೆ ಬಂದವರು ಮೊದಲು ನಾಲಿಗೆಯನ್ನು ಪಳಗಿಸಿಕೊಳ್ಳಬೇಕಿತ್ತು.

ಈ ತಾಲ್ಲೂಕುಗಳೂ ಸೇರಿದ್ದ ಮೈಸೂರು ಸೀಮೆಗೆ 1799ರ ನಂತರ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ಮೊದಲು ನೆನೆಯಬೇಕು. ಅವರು ನಮ್ಮವರಂತೆಯೇ ಉಟ್ಟು, ನಮ್ಮವರಂತೆಯೇ ಉಂಡು, 1823ರಲ್ಲಿ ಭಾರತ ಬಿಡುವವರೆಗೂ ಜನರ ನಡುವೆ ಬಾಳಿದರು. ಸಿಡುಬಿನ ಕಾಲದಲ್ಲಿ, 1803-04ರಲ್ಲಿ, 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದ ಕೀರ್ತಿ ಅವರದು. ಅಂದು ಲಸಿಕೆಯನ್ನು ಕಾದಿಡಲು ತಣ್ಣನೆಯ ಪೆಟ್ಟಿಗೆಗಳಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಹೆದರಿಕೆಯನ್ನು ನುಂಗಿ ತನ್ನ ಮಗುವಿನ ತೋಳನ್ನು ಮುಂದೆ ಚಾಚಿದ ತಾಯಿ ಇರದಿದ್ದರೆ ಲಸಿಕೆ ಮುಂದಿನ ಊರಿಗೆ ಹೋಗುತ್ತಲೇ ಇರಲಿಲ್ಲ. ಚರಿತ್ರೆ ದ್ಯುಬುವಾ ಅವರ ಹೆಸರನ್ನು ಬರೆದಿಟ್ಟಿದೆ. ಆ ತಾಯಂದಿರೇ ಅಂದಿನ ಛತ್ರದವರು.

ಮುಂದೆ 1876-78ರ ಘೋರ ಕ್ಷಾಮ ಬಂತು. ಹಿರಿಯರು ಧಾತು-ಈಶ್ವರ ಸಂವತ್ಸರದ ಬರವೆಂದು ಅದನ್ನು ಕರೆಯುತ್ತಿದ್ದರು. 1871ರ ಮತ್ತು 1881ರ ಜನಗಣತಿಗಳ ನಡುವೆ ಕೋಲಾರ ಜಿಲ್ಲೆಯ ಜನಸಂಖ್ಯೆ ಸುಮಾರು ಕಾಲುಭಾಗ ಕುಗ್ಗಿತು. ಲಂಡನ್ನಿನ ಮ್ಯಾನ್ಶನ್ ಹೌಸ್ ನಿಧಿಯ ಮೂಲಕ ಕಂಡರಿಯದ ಜನರೂ ಹಣ ಕಳಿಸಿದರು. ನಮ್ಮ ಫ್ರೆಂಚ್ ಗುರುಗಳು ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. ಬೆಂಗಳೂರಿನ ಬಳಿಯ ಸಿಲುವೆಪುರದಂಥ ಊರುಗಳ ಬೇರು ಈ ಬರದಲ್ಲಿದೆ. ಹಣ ಹಡಗಿನಲ್ಲಿ ಬಂತು, ನಿಜ. ಆದರೆ ಆ ಹಣವನ್ನು ಹೊಲ, ಮನೆ, ಸಂಸಾರವಾಗಿ ಮಾಡಿದವರು ಆ ಮಕ್ಕಳೇ. ಬೆಂಗಳೂರಿಗೆ 1854ರಲ್ಲಿ ಬಂದ ಗುಡ್ ಶೆಫರ್ಡ್ ಧರ್ಮಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಆ ದೀಪವನ್ನು ಮುಂದೆ ಕಾಪಾಡಿದವರು ನಮ್ಮ ನೆಲದ ಹೆಣ್ಣುಮಕ್ಕಳು.

ಚಿಕ್ಕಬಳ್ಳಾಪುರ ಪಟ್ಟಣದ ಉಪಕಾರವನ್ನು ನೆನೆಯುವಾಗ ನಮ್ಮ ಪ್ರೊಟೆಸ್ಟೆಂಟ್ ಸಹೋದರರನ್ನು ಮರೆಯುವಂತಿಲ್ಲ. ತೆಲುಗು ಸೀಮೆಯ ಜಮ್ಮಲಮಡುಗುವಿನಲ್ಲಿ ಆಸ್ಪತ್ರೆ ಕಟ್ಟಿ ಅನುಭವ ಪಡೆದಿದ್ದ ಲಂಡನ್ ಮಿಷನ್ನಿನ ಡಾ. ಟಿ. ವಿ. ಕ್ಯಾಂಪ್‌ಬೆಲ್ 1910ರ ದಶಕದಲ್ಲಿ ಇಲ್ಲಿ ವಾರ್ಡ್ಲಾ ಥಾಂಪ್ಸನ್ ಸ್ಮಾರಕ ಆಸ್ಪತ್ರೆಯನ್ನು ಬೆಳೆಸಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆ ಎಂದು ಹೆಸರಾಯಿತು. ಹೊರನಾಡಿನ ವೈದ್ಯರು ಒಬ್ಬೊಬ್ಬರಾಗಿ ಹಿಂದಿರುಗಿದರೂ ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲ. ಏಕೆಂದರೆ ಅಷ್ಟರಲ್ಲಿ ನಮ್ಮವರೇ ದಾದಿಯರಾಗಿ, ಕಾಂಪೌಂಡರುಗಳಾಗಿ, ವೈದ್ಯರಾಗಿ ನಿಂತಿದ್ದರು.

ನಮ್ಮ ಕಾಲದ ಎರಡು ಉದಾಹರಣೆಗಳನ್ನು ನೋಡಿ. 1991ರಿಂದ 2007ರವರೆಗೆ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಭಾರತದ ರೇಷ್ಮೆ ವಿಜ್ಞಾನಿಗಳೊಡನೆ ದ್ವಿತಳಿ ರೇಷ್ಮೆಯ ಮೇಲೆ ದುಡಿದರು. ತಜ್ಞರು ಊರಿಗೆ ಹೋದರು. ನಡುರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತರುವವರು ಮಾತ್ರ ನಮ್ಮ ರೈತರು. ಇನ್ನೊಂದು ಬಾಗೇಪಲ್ಲಿಯ ಕೂಲಿ ಸಂಘ. 1970ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಆರಂಭಿಸಿದ ಅಡಾಟ್ಸ್ ಸಂಸ್ಥೆಗೆ ಯೂರೋಪಿನ ನೆರವಿತ್ತು. 5,500 ಮನೆಗಳಿಗೆ ಗೋಬರ್ ಗ್ಯಾಸ್ ಒದಗಿಸುವ ಅದರ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ನೋಂದಣಿಯಾಯಿತು. ಹಣ ದೂರದ್ದು. ಆದರೆ ದಿನವೂ ಸಗಣಿ ಕಲಸಿ ಒಲೆ ಉರಿಸುವ ಕೈ ಆ ಮನೆಯ ಹೆಂಗಸಿನದು.

ಪೋಪ್ ಆರನೇ ಪೌಲರು 1967ರ ತಮ್ಮ 'ಪೊಪುಲೋರುಂ ಪ್ರೋಗ್ರೆಸ್ಸಿಯೊ' ವಿಶ್ವಪತ್ರದಲ್ಲಿ ಬಡ ರಾಷ್ಟ್ರಗಳ ಸೇವೆಗೆ ಹೊರಡುವ ಯುವಜನರನ್ನು ಮೆಚ್ಚಿ ನುಡಿದರು. ಅಂಥ ಯುವಜನರು ನಮ್ಮಲ್ಲಿಗೂ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಗೌರಿಬಿದನೂರು ಕಡೆಯ ಒಂದು ಹಳ್ಳಿಗೆ ಹೊರದೇಶದ ಯುವಕ ಯುವತಿಯರ ತಂಡವೊಂದನ್ನು ನಾನೇ ಕರೆದೊಯ್ದಿದ್ದೆ. ಎರಡು ವಾರ ಅವರು ಬಿಸಿಲಿನಲ್ಲಿ ಬೆವರು ಸುರಿಸಿ ಶಾಲೆಯ ಗೋಡೆಗೆ ಬಣ್ಣ ಬಳಿದರು. ಮಕ್ಕಳು ಕುಣಿದಾಡಿದರು. ಫೋಟೋಗಳಂತೂ ಬಹಳ ಚೆನ್ನಾಗಿ ಬಂದವು. ಅವರನ್ನು ಬೀಳ್ಕೊಟ್ಟ ದಿನ ಊರಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸ್ವಾಮಿ, ಆ ಮಕ್ಕಳು ಒಳ್ಳೇವ್ರೇ. ಆದ್ರೆ ಬಣ್ಣ ಬಳಿಯೋಕೆ ನಮ್ಮ ಹುಡುಗರಿಗೆ ಬರಲ್ವಾ? ಎರಡು ವಾರ ಜಗಲಿ ಮೇಲೆ ಕೂತ್ಕೊಂಡು ನೋಡ್ತಿದ್ರು. ನಮಗೆ ಬರದೇ ಇರೋದನ್ನ ಕಲಿಸೋರನ್ನ ಕರ್ಕೊಂಡು ಬನ್ನಿ" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಆ ಯುವಜನರದಲ್ಲ, ನನ್ನದು. ಅತಿಥಿಗಳಿಗೆ ಏನು ಸಂತೋಷ ಕೊಡುತ್ತದೆಂದು ಯೋಚಿಸಿದ್ದೆನೇ ಹೊರತು ಊರಿಗೆ ಏನು ಬೇಕೆಂದು ಕೇಳಿರಲಿಲ್ಲ. ಸಮಾರಿಯದವನನ್ನು ಕರೆತಂದಿದ್ದೆ. ಛತ್ರದವನನ್ನು ಬೀದಿಯಲ್ಲಿ ನಿಲ್ಲಿಸಿದ್ದೆ.

ಪೋಪ್ ಹದಿನಾರನೇ ಬೆನೆಡಿಕ್ಟರು 2005ರ 'ದೇವುಸ್ ಕಾರಿತಾಸ್ ಎಸ್ತ್' ವಿಶ್ವಪತ್ರದಲ್ಲಿ, ಸೇವೆ ಮಾಡುವವರಿಗೆ ಕೆಲಸದ ತರಬೇತಿಯ ಜೊತೆಗೆ ಹೃದಯದ ತರಬೇತಿಯೂ ಬೇಕೆಂದು ಬೋಧಿಸಿದರು. ದಾನವನ್ನು ಮತಪ್ರಚಾರದ ಸಾಧನವಾಗಿ ಬಳಸಬಾರದೆಂದೂ ಸ್ಪಷ್ಟಪಡಿಸಿದರು. ಈ ಮಾತು ನಮ್ಮ ನಾಡಿನಲ್ಲಿ ಎಷ್ಟು ಅಗತ್ಯವೆಂದು ನಿಮಗೆ ಗೊತ್ತಿದೆ. ವಿದೇಶಿ ದೇಣಿಗೆಯ ಕಾಯಿದೆ 1976ರಿಂದಲೇ ಇದೆ. ಅದು 2010ರಲ್ಲಿ ಹೊಸ ರೂಪ ಪಡೆದು, 2020ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಎರಡು ಬೆಳ್ಳಿ ನಾಣ್ಯ ಯಾವಾಗಲೂ ಬರುತ್ತಿರುತ್ತದೆಂದು ಕಾಯುವ ಕಾಲ ಇದಲ್ಲ.

ಹಾಗಾದರೆ ನಮ್ಮ ಛತ್ರದ ಬಾಗಿಲಲ್ಲಿ ಇಂದು ಬಿದ್ದಿರುವ ಗಾಯಾಳು ಯಾರು? ನನ್ನ ಕಣ್ಣಿಗೆ ಕಾಣುವುದು ಈ ಸೀಮೆಯ ನೀರು. ಕೊಳವೆಬಾವಿಗಳು ಆಳಕ್ಕಿಳಿದಂತೆ ಎಷ್ಟೋ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದುಗಟ್ಟುತ್ತಿದೆ, ದೊಡ್ಡವರ ಕೀಲು ಹಿಡಿಯುತ್ತಿದೆ. ಶುದ್ಧ ನೀರಿನ ಘಟಕವನ್ನು ಯಾರಾದರೂ ಕಟ್ಟಿಕೊಡಬಹುದು. ಅದರ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವವರು, ಕೆರೆಯ ಹೂಳೆತ್ತಲು ಊರನ್ನು ಒಗ್ಗೂಡಿಸುವವರು ಊರಿನಲ್ಲೇ ಇರಬೇಕು.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಿಗೆ ಹೊರನಾಡಿನ ಸೇವಕರು ಬಂದರೆ ಪ್ರೀತಿಯಿಂದ ಬರಮಾಡಿಕೊಳ್ಳೋಣ. ಆದರೆ ಮೂರು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳೋಣ. ಈ ಕೆಲಸವನ್ನು ಬೇಡಿದವರು ಊರಿನವರೇ? ಅವರು ಹೋದ ಮೇಲೆ ಇದನ್ನು ನಡೆಸುವವರು ಯಾರು? ಅವರ ಕೈಯಿಂದ ನಮ್ಮವರ ಕೈಗೆ ಯಾವ ವಿದ್ಯೆ ದಾಟುತ್ತದೆ? ದೂರದ ದೇಶಗಳಿಗೆ ಸೇವೆಗೆ ಹೊರಡುವ ನಮ್ಮ ದಾದಿಯರೂ ಯುವಜನರೂ ಈ ಪ್ರಶ್ನೆಗಳನ್ನು ಜೊತೆಗೆ ಒಯ್ಯಲಿ. ಅಲ್ಲಿಯೂ ಒಬ್ಬ ಛತ್ರದವನಿದ್ದಾನೆ.

ಸಮಾರಿಯದವನು ತಾನು ಮರಳಿ ಬರುವೆನೆಂದು ಹೇಳಿ ಹೋದ. ನಮ್ಮ ಪ್ರಭುವೂ ಮರಳಿ ಬರುವರು. ಬಂದಾಗ ನಮ್ಮ ಛತ್ರದ ಬಾಗಿಲು ತೆರೆದಿರಲಿ, ಒಲೆ ಉರಿಯುತ್ತಿರಲಿ, ಗಾಯಾಳು ಎದ್ದು ಕುಳಿತಿರಲಿ. ಸಂತ ಲೂಕರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.