ಆಧಾರ ಕೋನ

ಆಧಾರ ಕೋನ: ಒಂದು ಕೋನದ ಕೊನೆಯ ಬಾಹು ಅಡ್ಡ ಅಕ್ಷದೊಡನೆ ಮಾಡುವ ಲಘುಕೋನ. 150°, 210°, 330° ಈ ಮೂರಕ್ಕೂ ಆಧಾರ ಕೋನ 30°. ಸೈನ್, ಕೊಸೈನ್‌ಗಳ ಪರಿಮಾಣವನ್ನು ಆಧಾರ ಕೋನ ಹೇಳುತ್ತದೆ. ಅವು ಧನವೋ ಋಣವೋ ಎಂಬುದನ್ನು ಕೋನ ಬಿದ್ದಿರುವ ಪಾದ, ಎಂದರೆ ವೃತ್ತದ ಕಾಲುಭಾಗ, ಹೇಳುತ್ತದೆ. ತ್ರಿಕೋನಮಿತಿಯ ಸರಳ ಸಮೀಕರಣ ಬಿಡಿಸುವಾಗ ಮೊದಲು ಲಘುಕೋನವನ್ನು ಕಂಡುಕೊಂಡು, ಆಮೇಲೆ ಅದನ್ನು ತಕ್ಕ ಪಾದಗಳಿಗೆ ಒಯ್ಯುವುದು ಇದರಿಂದಲೇ. ಹೆಸರು ಇತ್ತೀಚಿನ ಪಠ್ಯಪುಸ್ತಕಗಳದು. ವಿಧಾನ ಬಹು ಹಿಂದೆಯೇ ಖಗೋಳಜ್ಞರ ಬಳಕೆಯಲ್ಲಿತ್ತು.

ಜ್ಯಾ ಕೋಷ್ಟಕ: ಕ್ರಿ.ಶ. 2ನೆಯ ಶತಮಾನದ ಟಾಲೆಮಿ ತನ್ನ ಆಲ್ಮಜೆಸ್ಟ್ ಗ್ರಂಥದಲ್ಲಿ ಅರ್ಧರ್ಧ ಡಿಗ್ರಿಗೆ ಒಂದರಂತೆ 180°ವರೆಗೂ ಪೂರ್ಣ ಜ್ಯಾಗಳನ್ನು, ಎಂದರೆ ಕಂಸದ ಎರಡು ತುದಿಗಳನ್ನು ಸೇರಿಸುವ ರೇಖೆಗಳ ಉದ್ದಗಳನ್ನು, ಪಟ್ಟಿಮಾಡಿದ್ದ. ಭಾರತೀಯರು ಅರ್ಧಜ್ಯಾವನ್ನು ಹಿಡಿದರು. ಇಂದಿನ ಸೈನ್ ಇದರಿಂದ ಬಂದದ್ದು. ಆರ್ಯಭಟೀಯದಲ್ಲಿ (499) ತ್ರಿಜ್ಯ 3438 ಕಲೆ. 225 ಕಲೆಗಳಿಗೆ, ಎಂದರೆ 3°45′ಗೆ, ಒಂದರಂತೆ ಜ್ಯಾಗಳ 24 ಅಂತರಗಳಿವೆ. ಅವನ್ನು ಕೂಡಿಸುತ್ತ ಹೋದರೆ ಜ್ಯಾ 225ರಿಂದ 3438ಕ್ಕೆ ಏರಿ 90°ಯಲ್ಲಿ ನಿಲ್ಲುತ್ತದೆ.

ಭುಜ ಮತ್ತು ಕೋಟಿ: ಗ್ರಹಗಳು ಸುತ್ತುವುದು 360°, ಕೋಷ್ಟಕವಿರುವುದು ಒಂದೇ ಪಾದಕ್ಕೆ. ಇದಕ್ಕೆ ಸೂರ್ಯಸಿದ್ಧಾಂತವೆಂಬ ಖಗೋಳ ಗ್ರಂಥ ಕೊಡುವ ನಿಯಮ ಚಿಕ್ಕದು. ಮೊದಲನೆಯ, ಮೂರನೆಯ ಪಾದಗಳಲ್ಲಿ ಕ್ರಮಿಸಿದ ಭಾಗ ಭುಜ, ಉಳಿದದ್ದು ಕೋಟಿ. ಎರಡನೆಯ, ನಾಲ್ಕನೆಯ ಪಾದಗಳಲ್ಲಿ ಇದು ತಿರುವುಮುರುವು. 150° ಎರಡನೆಯ ಪಾದದಲ್ಲಿದೆ, ಪಾದ ಮುಗಿಯಲು 30° ಬಾಕಿ. ಆದ್ದರಿಂದ ಭುಜ 30°. ಆಧಾರ ಕೋನ ಇದೇ. ಬಂದ ಫಲವನ್ನು ಕೂಡಬೇಕೋ ಕಳೆಯಬೇಕೋ ಎಂಬುದನ್ನು ಮೇಷಾದಿ ಆರು ರಾಶಿ, ತುಲಾದಿ ಆರು ರಾಶಿ ಎಂಬ ವಿಭಾಗದಿಂದ ನಿರ್ಧರಿಸುತ್ತಿದ್ದರು.

ಜ್ಯಾದಿಂದ ಕೋನಕ್ಕೆ: ಅದೇ ಗ್ರಂಥದ ತ್ರಿಪ್ರಶ್ನಾಧಿಕಾರವೆಂಬ ಅಧ್ಯಾಯದಲ್ಲಿ ಸಮೀಕರಣ ಬಿಡಿಸುವ ಕ್ರಮವೇ ಇದೆ. ಶಂಕುವಿನ, ಎಂದರೆ ನೆಟ್ಟ ಕಡ್ಡಿಯ, ಮಧ್ಯಾಹ್ನದ ನೆರಳಿನಿಂದ ಸೂರ್ಯನ ಕ್ರಾಂತಿ, ಎಂದರೆ ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಅವನಿರುವ ಕೋನದೂರ, ಸಿಗುತ್ತದೆ. ಇದರಿಂದ ರಾಶಿಚಕ್ರದಲ್ಲಿ ಅವನ ಸ್ಥಾನ ತಿಳಿಯಬೇಕು. ಕ್ರಾಂತಿಯ ಜ್ಯಾವನ್ನು 3438ರಿಂದ ಗುಣಿಸಿ, 24° ಪರಮಕ್ರಾಂತಿಯ ಜ್ಯಾ ಆದ 1397ರಿಂದ ಭಾಗಿಸಬೇಕು. ಕ್ರಾಂತಿಜ್ಯಾ 698½ ಇದ್ದರೆ ಫಲ 1719. ಕೋಷ್ಟಕದಲ್ಲಿ ಇದು ಎಂಟನೆಯ ಜ್ಯಾ, ಕೋನ 30°. ಸೂರ್ಯ ಮೇಷಾದಿ ಪಾದದಲ್ಲಿದ್ದರೆ ಇದೇ ಉತ್ತರ. ಕರ್ಕಾದಿಯಲ್ಲಿದ್ದರೆ 180°ಯಿಂದ ಕಳೆದು 150°, ತುಲಾದಿಯಲ್ಲಿದ್ದರೆ 180°ಗೆ ಕೂಡಿ 210°, ಮಕರಾದಿಯಲ್ಲಿದ್ದರೆ 360°ಯಿಂದ ಕಳೆದು 330°. ಕ್ರಾಂತಿ ಉತ್ತರವಾಗಿದ್ದರೆ ಮೊದಲೆರಡು, ದಕ್ಷಿಣವಾಗಿದ್ದರೆ ಕೊನೆಯೆರಡು. ಅದು ದಿನೇ ದಿನೇ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಿದರೆ ಒಂದೇ ಉಳಿಯುತ್ತದೆ. ಏಪ್ರಿಲ್ 20 ಮತ್ತು ಆಗಸ್ಟ್ 23ರ ಆಸುಪಾಸಿನಲ್ಲಿ ಸೂರ್ಯನ ಕ್ರಾಂತಿ ಒಂದೇ ಆಗಿರುವುದಕ್ಕೆ ಕಾರಣವೂ ಈ 30°, 150°ಗಳ ಜೋಡಿಯೇ.

ಮುಂದಿನ ಬೆಳವಣಿಗೆ: ಕೋಷ್ಟಕದ ಎರಡು ಸಾಲುಗಳ ನಡುವೆ ಬೀಳುವ ಬೆಲೆಗಳಿಗೆ ತ್ರೈರಾಶಿಕ ಸಾಕೆನ್ನಲಾಗುತ್ತಿತ್ತು, ಬ್ರಹ್ಮಗುಪ್ತ ಖಂಡಖಾದ್ಯಕದಲ್ಲಿ (665) ಎರಡನೆಯ ಅಂತರಗಳನ್ನೂ ಸೇರಿಸಿಕೊಂಡು ನಿಖರತೆ ಹೆಚ್ಚಿಸಿದ. 1748ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆಯ್ಲರ್ ತ್ರಿಜ್ಯವನ್ನು 1 ಎಂದಿಟ್ಟುಕೊಂಡು ಸೈನ್, ಕೊಸೈನ್‌ಗಳನ್ನು ಫಲನಗಳಾಗಿ ನಿರೂಪಿಸಿದ. ಕೂಡು–ಕಳೆ ನಿಯಮಗಳ ಜಾಗಕ್ಕೆ ಧನ–ಋಣ ಚಿಹ್ನೆಗಳು ಬಂದವು. ಪ್ರತಿ 360°ಗೊಮ್ಮೆ ಬೆಲೆಗಳು ಮರುಕಳಿಸುವುದರಿಂದ ಉತ್ತರಗಳೂ ಅನಂತವಾದವು: ಸೈನ್ ½ ಆಗಿರುವ ಕೋನಗಳೆಂದರೆ 30°, 150° ಮತ್ತು ಇವಕ್ಕೆ 360°ಯ ಅಪವರ್ತ್ಯಗಳನ್ನು ಕೂಡಿಯೋ ಕಳೆದೋ ಬರುವ ಎಲ್ಲ ಕೋನಗಳು.

ಸೈನ್ −½ ಆಗುವ ಕೋನ ಯಾವುದೆಂದು ಕ್ಯಾಲ್ಕುಲೇಟರನ್ನು ಕೇಳಿದರೆ −30° ಎಂಬ ಒಂದೇ ಉತ್ತರ ಬರುತ್ತದೆ. 210°, 330°ಗಳನ್ನು ಪಾದ ನೋಡಿ ಹುಡುಕುವ ಕೆಲಸ ಲೆಕ್ಕ ಮಾಡುವವನದೇ.