ಗೋಡೆಯಲ್ಲಿ ಮೂಡಿದ ಕಿಂಡಿ

2005ರ ಆರಂಭದಲ್ಲಿ ಪಾಲ್ ರಾಡೆಮಾಕರ್ ಎಂಬ ಪ್ರೋಗ್ರಾಮರ್ ಸಿಲಿಕಾನ್ ವ್ಯಾಲಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದರು. ಕೆಲಸ ಡ್ರೀಮ್‌ವರ್ಕ್ಸ್ ಆ್ಯನಿಮೇಷನ್‌ನಲ್ಲಿ. ಕ್ರೇಗ್ಸ್‌ಲಿಸ್ಟ್‌ನಲ್ಲಿ ಮನೆ ಬಾಡಿಗೆಯ ಜಾಹೀರಾತುಗಳಿಗೇನೂ ಬರವಿರಲಿಲ್ಲ. ಆದರೆ ಅವೆಲ್ಲ ಬರೀ ಪಟ್ಟಿ. ಯಾವ ಮನೆ ಯಾವುದರ ಹತ್ತಿರ, ಆಫೀಸಿಗೆ ಎಷ್ಟು ದೂರ ಎಂದು ತಿಳಿಯಬೇಕಾದರೆ ವಿಳಾಸಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಹುಡುಕಬೇಕು. ಮುಂಬೈಯಲ್ಲೋ ಪುಣೆಯಲ್ಲೋ ಮನೆ ಹುಡುಕಿ ಚಪ್ಪಲಿ ಸವೆಸಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಿತ್ತು. ಲಾರ್ಸ್ ಮತ್ತು ಯೆನ್ಸ್ ರಾಸ್ಮುಸೆನ್ ಎಂಬ ಡೆನ್ಮಾರ್ಕಿನ ಅಣ್ಣತಮ್ಮಂದಿರು ಸಿಡ್ನಿಯಲ್ಲಿ ನಡೆಸುತ್ತಿದ್ದ ಸಣ್ಣ ಕಂಪನಿಯನ್ನು ಗೂಗಲ್ 2004ರಲ್ಲಿ ಕೊಂಡುಕೊಂಡಿತ್ತು. ಅವರ ನಕ್ಷೆ ಮೊದಲು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಬೇಕಾದ ಪ್ರೋಗ್ರಾಂ ಆಗಿತ್ತು. ಗೂಗಲ್ಲಿಗೆ ಬೇಕಿದ್ದದ್ದು ಬ್ರೌಸರಿನಲ್ಲಿ ತೆರೆಯುವ ನಕ್ಷೆ. ಉಪಾಯ ಹೀಗಿತ್ತು: ಇಡೀ ನಕ್ಷೆಯನ್ನು ಮೊದಲೇ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಡುವುದು, ಮೌಸಿನಿಂದ ಎಳೆದಾಗ ಕಾಣಬೇಕಾದ ಚೌಕಗಳನ್ನಷ್ಟೇ ತರಿಸಿಕೊಳ್ಳುವುದು. ಹಾಗೆ ತರಿಸಿ ಜೋಡಿಸುವ ಕೆಲಸ ಜಾವಾಸ್ಕ್ರಿಪ್ಟ್‌ನದು.

ಜಾವಾಸ್ಕ್ರಿಪ್ಟ್‌ಗೆ ಒಂದು ಗುಣವಿದೆ, ದೋಷ ಎಂದರೂ ಸರಿ. ಅದು ಓಡುವುದು ಓದುಗರ ಬ್ರೌಸರಿನಲ್ಲಿ. ಆದ್ದರಿಂದ ಅದರ ಪಠ್ಯ ಅವರ ಮನೆಗೇ ಬಂದು ಬೀಳುತ್ತದೆ. ಎಷ್ಟೇ ಗೋಜಲಾಗಿ ಬರೆದಿದ್ದರೂ ತಾಳ್ಮೆಯಿದ್ದವರು ಓದಬಹುದು. ರಾಡೆಮಾಕರ್ ಓದಿದರು. ಯಾರ ಅನುಮತಿಯನ್ನೂ ಕೇಳದೆ ಗೂಗಲ್ಲಿನ ನಕ್ಷೆಯ ಮೇಲೆ ಕ್ರೇಗ್ಸ್‌ಲಿಸ್ಟಿನ ಮನೆಗಳನ್ನು ಪಿನ್ನುಗಳಾಗಿ ಚುಚ್ಚಿದರು. ಏಪ್ರಿಲ್‌ನಲ್ಲಿ 'ಹೌಸಿಂಗ್‌ಮ್ಯಾಪ್ಸ್' ಜನರ ಮುಂದೆ ಬಂತು. ಎರಡು ಕಡೆಯ ಸರಕು ಬೆರೆಸಿದ ಇಂಥದ್ದಕ್ಕೆ ಇಂಗ್ಲಿಷಿನವರು ಸಂಗೀತದವರಿಂದ ಮ್ಯಾಶಪ್ ಎಂಬ ಪದ ಎರವಲು ತಂದರು. ಕನ್ನಡದಲ್ಲಿ ಕಲಸನ್ನ ಎಂದಿದ್ದರೆ ನಡೆಯುತ್ತಿತ್ತು.

ಉಡುಪಿಯಲ್ಲಿ ಕನಕದಾಸರಿಗೆ ಮುಂಬಾಗಿಲು ತೆರೆಯಲಿಲ್ಲ, ಹಿಂಗೋಡೆ ಬಿರಿದು ಕೃಷ್ಣನೇ ಆ ಕಡೆ ತಿರುಗಿದ ಎಂಬ ಕತೆಯಿದೆ. ಗೂಗಲ್ ಕೂಡ ಹಾಗೆ ತಿರುಗಿತು. ಭಕ್ತಿಗೆ ಮೆಚ್ಚಿ ಅಲ್ಲ, ಲೆಕ್ಕ ಹಾಕಿ. ಕೇಸು ಹಾಕುವ ಬದಲು ಆ ಜೂನ್‌ನಲ್ಲೇ ಬಿರುಕಿನ ಜಾಗದಲ್ಲಿ ಅಧಿಕೃತ ಕಿಂಡಿ ಇಟ್ಟಿತು. ಅದೇ ಮ್ಯಾಪ್ಸ್ ಎಪಿಐ. ಇನ್ನು ಮುಂದೆ ಗೋಜಲು ಬಿಡಿಸುವ ಕಷ್ಟವಿಲ್ಲ. ಗೂಗಲ್ ಕೊಡುವ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಪುಟಕ್ಕೆ ಸೇರಿಸಿ ನಾಲ್ಕು ಸಾಲು ಬರೆದರೆ ನಕ್ಷೆ ಬರುತ್ತದೆ. ಜೊತೆಗೆ ಪ್ರತಿ ಸೈಟಿಗೂ ಒಂದು ಕೀಲಿ. ರಾಡೆಮಾಕರ್ ಅವರನ್ನು ಗೂಗಲ್ ಕೆಲಸಕ್ಕೆ ಸೇರಿಸಿಕೊಂಡಿತು.

ಆ ಕೀಲಿಯನ್ನು ಆಗ ಯಾರೂ ಅಷ್ಟು ಗಮನಿಸಲಿಲ್ಲ. ಲೈಬ್ರರಿ ಎಂಬ ಪದವೂ ದಾರಿ ತಪ್ಪಿಸುವಂಥದ್ದು. ಪುಸ್ತಕವನ್ನು ಒಮ್ಮೆ ಮನೆಗೆ ತಂದರೆ ತಿರುಗಿ ಕೊಡುವವರೆಗೆ ಅದು ನಮ್ಮ ಕೈಯಲ್ಲಿ. ಈ ಲೈಬ್ರರಿ ಪ್ರತಿ ಸಲ ಪುಟ ತೆರೆದಾಗಲೂ ಯಜಮಾನರ ಹತ್ತಿರ ಹೋಗಿ ಕೇಳಿ ಬರುತ್ತದೆ. ಯಾರು, ಎಷ್ಟು ಸಲ ಕೇಳಿದರು ಎಂಬ ಎಣಿಕೆ ಅಲ್ಲಿರುತ್ತದೆ. ಎಣಿಕೆ ಇದ್ದಲ್ಲಿ ಬಿಲ್ಲು ಬರಲು ತಡವೇನಿಲ್ಲ. 2011ರ ಅಕ್ಟೋಬರಿನಲ್ಲಿ ಗೂಗಲ್ ದಿನಕ್ಕೆ 25,000 ಸಲದ ಮಿತಿ ಘೋಷಿಸಿತು. ಮೀರಿದರೆ ಪ್ರತಿ ಸಾವಿರಕ್ಕೆ 4 ಡಾಲರ್. 2018ರಲ್ಲಿ ನಿಯಮ ಇನ್ನೂ ಬಿಗಿಯಾಯಿತು: ಪ್ರತಿ ಸಾವಿರಕ್ಕೆ 7 ಡಾಲರ್, ತಿಂಗಳಿಗೆ 200 ಡಾಲರಿನಷ್ಟು ಮಾಫಿ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 28,000 ಸಲ ಪುಕ್ಕಟೆ. ಮೊದಲು ಒಂದು ದಿನಕ್ಕೆ ಸಿಗುತ್ತಿದ್ದದ್ದು ಆಗ ಒಂದು ತಿಂಗಳಿಗೆ ಎಂದಾಯಿತು. ಅಷ್ಟಕ್ಕೂ ಕಾರ್ಡಿನ ವಿವರ ಮೊದಲೇ ಕೊಟ್ಟಿರಬೇಕಿತ್ತು.

ಕ್ರೇಗ್ಸ್‌ಲಿಸ್ಟ್ ಇನ್ನೂ ಮುಂದೆ ಹೋಯಿತು. ಹೌಸಿಂಗ್‌ಮ್ಯಾಪ್ಸ್‌ನಂತೆಯೇ ಬಾಡಿಗೆ ಮನೆಗಳನ್ನು ನಕ್ಷೆಯಲ್ಲಿ ತೋರಿಸುತ್ತಿದ್ದ ಪ್ಯಾಡ್‌ಮ್ಯಾಪರ್ ಮೇಲೆ 2012ರಲ್ಲಿ ಕೋರ್ಟಿಗೆ ಹೋಯಿತು.

ಬೇರೆ ದಾರಿ ಅಷ್ಟರಲ್ಲಿ ಸಿದ್ಧವಾಗಿತ್ತು. ಬ್ರಿಟನ್ನಿನಲ್ಲಿ ಸರಕಾರಿ ನಕ್ಷೆಯ ಮಾಹಿತಿ ಜನರಿಗೆ ಮುಕ್ತವಾಗಿಲ್ಲ ಎಂದು ಬೇಸತ್ತ ಸ್ಟೀವ್ ಕೋಸ್ಟ್ 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಶುರುಮಾಡಿದ್ದರು. ಜನರೇ ಬರೆಯುವ ನಕ್ಷೆ. ಅದನ್ನು ಪುಟದಲ್ಲಿ ತೋರಿಸಲು ಕೀವ್‌ನ ವೊಲೊದಿಮಿರ್ ಅಗಾಫೊನ್ಕಿನ್ 2011ರಲ್ಲಿ 'ಲೀಫ್‌ಲೆಟ್' ಎಂಬ ಲೈಬ್ರರಿ ಹೊರತಂದರು. ಅದು ಇಂದಿಗೂ ಸುಮಾರು 42 ಕಿಲೊಬೈಟ್ ಮಾತ್ರ, ಮೊಬೈಲಿನ ಒಂದು ಫೋಟೊಗಿಂತ ಎಷ್ಟೋ ಚಿಕ್ಕದು. ಚೌಕಗಳನ್ನು ಯಾವ ಸರ್ವರಿನಿಂದ ತರಿಸಬೇಕು ಎಂದು ಬಳಸುವವರೇ ಹೇಳಬಹುದು. ಒಂದು ಕಿಂಡಿ ಮುಚ್ಚಿದರೆ ಒಂದು ಸಾಲು ಬದಲಿಸಿದರಾಯಿತು. 2012ರಲ್ಲಿ ಫೋರ್‌ಸ್ಕ್ವೇರ್ ಗೂಗಲ್ ಬಿಟ್ಟು ಓಪನ್‌ಸ್ಟ್ರೀಟ್‌ಮ್ಯಾಪ್ ಕಡೆ ಬಂತು. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರಲ್ಲಿ ಬಂದ ಲೀಫ್‌ಲೆಟ್ ಆವೃತ್ತಿಯಲ್ಲಿ ನಕ್ಷೆಯ ಮೂಲೆಯಲ್ಲಿ ಉಕ್ರೇನಿನ ಪುಟ್ಟ ಬಾವುಟ ಸೇರಿತು. ಯಾವ್ಯಾವುದೋ ದೇಶದ ನಕ್ಷೆಗಳಲ್ಲಿ ನೀಲಿ ಹಳದಿ ಕಾಣಿಸಿಕೊಂಡಿತು. ಕೆಲವರು ಅದನ್ನು ತೆಗೆದರು. ತೆಗೆಯುವ ಹಕ್ಕೂ ಅದೇ ಪರವಾನಗಿಯಲ್ಲಿತ್ತು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಊರಿಗೂ ಹೆಸರಿನ ಖಾನೆಯ ಪಕ್ಕದಲ್ಲಿ ಭಾಷೆಗೊಂದು ಖಾನೆ ಇಡಬಹುದು. ಕನ್ನಡದ್ದಕ್ಕೆ 'ಕೆಎನ್' ಎಂಬ ಗುರುತು. ಬೇಕಾದವರು ಅದನ್ನಷ್ಟೇ ಎತ್ತಿಕೊಂಡು ಕನ್ನಡದ ನಕ್ಷೆ ಮಾಡಬಹುದು. ಕರ್ನಾಟಕದ ಎಷ್ಟೋ ಹಳ್ಳಿ, ಕೆರೆ, ರಸ್ತೆಗಳಿಗೆ ಆ ಖಾನೆ ಇನ್ನೂ ಖಾಲಿಯಿದೆ. ಇಂಗ್ಲಿಷಿನ ಕಾಗುಣಿತ ನೋಡಿ ಯಂತ್ರ ತುಂಬಿದರೆ ಹಳ್ಳಿ 'ಹಲ್ಲಿ'ಯಾಗುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ಕೂತು ತುಂಬಲು ಕೀಲಿ ಬೇಡ, ಕಾರ್ಡೂ ಬೇಡ, ಪುಕ್ಕಟೆ ಖಾತೆಯೊಂದು ಸಾಕು. ಊರಿನವರು ಆ ಹೆಸರನ್ನು ಹೇಗೆ ಕರೆಯುತ್ತಾರೆ ಎಂಬುದು ಗೊತ್ತಿರಬೇಕು, ಅಷ್ಟೆ.