ಕೋಡಿಯ ಮೇಲೆ ಸಂಘದ ಕಟ್ಟಡ

ಚೈತ್ರ ಮಾಸದ ಕರಗದ ದಿನಗಳಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಆವರಣದಲ್ಲಿರುವ ಪುಟ್ಟ ಕೊಳವೊಂದರ ಬಳಿ ತಿಗಳ ಸಮುದಾಯದವರು ಪೂಜೆಗೆ ಸೇರುತ್ತಾರೆ. ಸಂಪಂಗಿ ಕೆರೆಯಲ್ಲಿ ಉಳಿದಿರುವುದು ಅಷ್ಟೇ. ಒಂದು ಕಾಲಕ್ಕೆ ಅದರ ನೀರನ್ನು ನಂಬಿ ತರಕಾರಿ ತೋಟಗಳಿದ್ದವು. 1896ರಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂತು. ಊರಿಗೆ ಕೆರೆಯ ಹಂಗು ತಪ್ಪಿತು. ನೂರು ವರ್ಷಕ್ಕೂ ಹಿಂದಿನ ಸರ್ಕಾರಿ ಕಡತಗಳಲ್ಲಿ ಈ ಕೆರೆಯ ಬಗ್ಗೆ ಎರಡು ಬಗೆಯ ಅರ್ಜಿಗಳಿವೆ. ತೋಟದವರದು ಕೆರೆ ತುಂಬಿರಲಿ ಎಂಬ ಕೋರಿಕೆ. ಸುತ್ತಲ ಬಂಗಲೆಗಳವರದು, ಮನೆಯೊಳಗೆ ನೀರು ನುಗ್ಗುತ್ತದೆ, ಮಟ್ಟ ಇಳಿಸಿ ಎಂಬ ಕೋರಿಕೆ. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಬೆಂಗಳೂರಿನ ಕೆರೆಗಳನ್ನು ನುಂಗಿದವರು ಯಾರು ಎಂದು ಕೇಳಿದರೆ ಬಿಲ್ಡರುಗಳನ್ನೂ ರಾಜಕಾರಣಿಗಳನ್ನೂ ಬೈದು ಕಾಫಿ ಕುಡಿದು ಎದ್ದುಹೋಗುವುದು ನಮ್ಮ ರೂಢಿ. ಬೈಯುವುದು ತಪ್ಪೇನಲ್ಲ. ಆದರೆ ನಮ್ಮಂಥ ನಿವಾಸಿಗಳು ಬರೆದ ಅರ್ಜಿಗಳೂ ಆ ಲೆಕ್ಕದಲ್ಲಿ ಸೇರಬೇಕು. ಈ ಮಾತನ್ನು ನಾನು ಆಡುತ್ತಿರುವುದು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ನಡಾವಳಿ ಪುಸ್ತಕಗಳನ್ನು ಓದಿ. ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ, ಲೆಡ್ಜರ್ ಬರೆದೇ ಬೆಳೆದವಳು ನಾನು. ಸಂಘದ ಕಾರ್ಯದರ್ಶಿಯಾದ ಮೇಲೆ ಹಳೆಯ ಬೀರು ತೆಗೆದಾಗ, ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕಗಳನ್ನು ಕಂಡು ಸುಮ್ಮನಿರಲು ಕೈ ಕೇಳಲಿಲ್ಲ.

ನಮ್ಮದು ದಕ್ಷಿಣ ಬೆಂಗಳೂರಿನಲ್ಲಿ, ಒಂದು ಹಳ್ಳಿಯ ಕೆರೆಯ ಕೆಳಗೆ, ಅಂದರೆ ಅಚ್ಚುಕಟ್ಟಿನ ಗದ್ದೆಗಳಲ್ಲಿ 1980ರ ದಶಕದಲ್ಲಿ ಎದ್ದ ಬಡಾವಣೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸಹಿ ಹಾಕಿದರೆ ಸಂಘ. ಅಷ್ಟು ಜನ ಸೇರಿದ್ದು ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ, ಕಾರು ಆಗ ಯಾರಿಗೂ ಇರಲಿಲ್ಲ. ಮೊದಲ ಪುಸ್ತಕದ ತುಂಬ ಬೀದಿದೀಪ, ಹಾಲಿನ ಬೂತು, ಅಂಚೆ ಡಬ್ಬ, ನ್ಯಾಯಬೆಲೆ ಅಂಗಡಿ, ಬಸ್ಸನ್ನು ಕೊನೆಯ ಕ್ರಾಸಿನವರೆಗೆ ಬಿಡಿಸುವುದು, ಇವೇ. ಮೊದಲ ಕಾರ್ಯದರ್ಶಿಗಳದು ಮುತ್ತಿನಂಥ ಅಕ್ಷರ. ಪ್ರತಿ ನಿರ್ಣಯದ ಕೊನೆಗೂ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದಿದ್ದಾರೆ. ಬ್ಯಾಡ್ಮಿಂಟನ್ ಕೋರ್ಟಿಗೆ ಬಲೆ ತರುವ ವಿಷಯಕ್ಕೂ!

ಅದೇ ಪುಸ್ತಕದ ನಡುವೆ ಒಂದು ನಿರ್ಣಯ: ಕೆರೆಯ ಪಕ್ಕದ ಜವುಗಿನಿಂದ ಸೊಳ್ಳೆ ಮತ್ತು ಹಾವಿನ ಕಾಟ ವಿಪರೀತವಾಗಿರುವುದರಿಂದ, ಸದರಿ ಜಾಗಕ್ಕೆ ಮಣ್ಣು ತುಂಬಿಸಿ ಮಕ್ಕಳಿಗೆ ಆಟದ ಮೈದಾನ ಮಾಡಿಕೊಡಬೇಕೆಂದು ಮಾನ್ಯ ಅಭಿಯಂತರರನ್ನು ಕೋರುವುದು. ಇದೂ ಸರ್ವಾನುಮತದಿಂದಲೇ. ಕೆಲವು ಪುಟಗಳ ನಂತರ ಮನೆಗಳ ಕೊಳಚೆ ನೀರನ್ನು ದೊಡ್ಡ ಮೋರಿಗೆ ಸೇರಿಸಿಕೊಡಿ ಎಂಬ ಅರ್ಜಿಯ ನಕಲು ಅಂಟಿಸಿದೆ. ಆ ದೊಡ್ಡ ಮೋರಿ ಎಂದರೆ ನಮ್ಮ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಮಳೆನೀರು ಒಯ್ಯುತ್ತಿದ್ದ ರಾಜಕಾಲುವೆ.

ಅವರನ್ನು ದೂರಿ ಬರೆಯುತ್ತಿಲ್ಲ. ಸಾಲ ಮಾಡಿ ಮನೆ ಕಟ್ಟಿದವರು, ಸಂಜೆಯಾದರೆ ಸೊಳ್ಳೆಗೆ ಬಾಗಿಲು ಹಾಕಿ ಕೂರುತ್ತಿದ್ದವರು. ಕೆರೆ ಅವರಿಗೆ ಅನ್ನವನ್ನೂ ಕೊಡುತ್ತಿರಲಿಲ್ಲ, ನೀರನ್ನೂ ಕೊಡುತ್ತಿರಲಿಲ್ಲ. ಕಾವೇರಿ 1974ರಲ್ಲೇ ನಗರಕ್ಕೆ ಬಂದಿದ್ದಳು, ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಿನ ಮೇಲೆ ಪಂಪು ಹತ್ತಿ. ಮಲೇರಿಯಾಕ್ಕೆ ಹೆದರಿ ಏರಿ ಒಡೆದ ಕೆರೆಗಳೂ ಈ ಊರಿನಲ್ಲಿವೆ. ಸರ್ಕಾರವೂ ಹಾಗೇ ಯೋಚಿಸುತ್ತಿತ್ತು: ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ, ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗೆ ಕೋರಮಂಗಲದ ಕೆರೆಯಂಗಳದಲ್ಲೇ ವಸತಿ ಕಟ್ಟಿದರು. ಕೆರೆ ತುಂಬಿಸಿ ಆಟ ಆಡಿಸುವುದರಲ್ಲಿ ನಮ್ಮನ್ನು ಮೀರಿಸಿದ ಊರಿರಲಾರದು.

ಮೊದಲು ಕೆರೆಗೆ ದಿಕ್ಕಾದವರಿದ್ದರು. ಅಗರದ 9ನೆಯ ಶತಮಾನದ ಶಾಸನದಲ್ಲಿ ಇರುಗಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದನ್ನು ಕಟ್ಟಿಸಿ, ಬಿಟ್ಟುವಟ್ಟ ಪಡೆದ ಸಂಗತಿ ಇದೆ. ಕೆರೆ ಕಟ್ಟಿದವನಿಗೆ, ನೋಡಿಕೊಂಡವನಿಗೆ ಅದರ ಕೆಳಗಿನ ಭೂಮಿಯ ಫಲದಲ್ಲಿ ಪಾಲು ಎನ್ನುವ ಏರ್ಪಾಡು ಅದು. ಹಳ್ಳಿಗಳಲ್ಲಿ ನೀರುಗಂಟಿ ಇದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು, ಯಾರದು ಮೊದಲು ಎಂದು ಹಂಚುವುದು ಅವನ ಕೆಲಸ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಅಳೆಸಿಕೊಳ್ಳುವುದು ಅವನ ಸಂಬಳ. ಗದ್ದೆ ಸೈಟಾದ ದಿನ ಅವನ ಕೆಲಸ ಹೋಯಿತು. ಆಮೇಲೆ ಕೆರೆ ಯಾವ ಇಲಾಖೆಯದು ಎಂಬುದು ಕಡತದಿಂದ ಕಡತಕ್ಕೆ ಅಲೆಯಿತು.

ಎರಡನೆಯ ಪುಸ್ತಕದ ಹೊತ್ತಿಗೆ ಅಕ್ಷರ ಬದಲಾಗಿದೆ, ವಿಷಯವೂ. ವಾಲ್ವ್‌ಮನ್ ನೀರು ಬಿಡುತ್ತಿಲ್ಲ, ಬೋರ್‌ವೆಲ್ ಬತ್ತಿದೆ, ಟ್ಯಾಂಕರಿನವರು ದರ ಏರಿಸಿದ್ದಾರೆ. 2005ರ ಅಕ್ಟೋಬರಿನ ಮಳೆ ಬಂದಾಗ ಕೆಳಗಿನ ಎರಡು ಕ್ರಾಸುಗಳ ಮನೆಗಳಲ್ಲಿ ಅಕ್ಕಿ ಡಬ್ಬ ತೇಲಿದವು. ಮುಂದಿನ ಸಭೆಯ ನಡಾವಳಿಯಲ್ಲಿ ನಮ್ಮ ಸಂಘ ‘ರಾಜಕಾಲುವೆ’ ಎಂಬ ಹೆಸರು ಬರೆದದ್ದು ಅದೇ ಮೊದಲು. ಅಲ್ಲಿಯವರೆಗೂ ಅದು ಮೋರಿಯೇ.

ಆ ಕಾಲುವೆ ಎಲ್ಲೆಲ್ಲಿ ಹರಿಯುತ್ತಿತ್ತು ಎಂದು ತಿಳಿಯಲು ನಾವು ಕೆಲವರು ಹಳ್ಳಿಯ ಹಿರಿಯರೊಬ್ಬರನ್ನು ಕರೆದುಕೊಂಡು ಬೀದಿ ಸುತ್ತಿದೆವು. ಅವರ ತಂದೆ ನೀರುಗಂಟಿಯಾಗಿದ್ದವರು. ಗ್ರಾಮ ನಕ್ಷೆ ತೋರಿಸಿದರೆ ಅತ್ತ ನೋಡಲೂ ಇಲ್ಲ, ಕೋಲು ಊರಿಕೊಂಡು ಮುಂದೆ ನಡೆದರು. ಸಂಘದ ಕಟ್ಟಡದ ಮುಂದೆ ನಿಂತರು.

“ಕೋಡಿ ಎಲ್ಲಿತ್ತು ಯಜಮಾನ್ರೇ?” ಅಂದೆ.

“ಇಲ್ಲೇ ಕಣಮ್ಮ. ನೀವು ಮೀಟಿಂಗ್ ಮಾಡ್ತೀರಲ್ಲ, ಆ ಹಾಲ್ ಕೆಳಗೇ. ಕೋಡಿ ಬಿದ್ರೆ ಈ ದಾರೀಲಿ ಎತ್ತು ದಾಟ್ತಿರಲಿಲ್ಲ.”

ಆ ಕಟ್ಟಡ ನಾಗರಿಕ ಸೌಲಭ್ಯದ ಸೈಟಿನಲ್ಲಿ, ಕಾನೂನು ಪ್ರಕಾರ ಮಂಜೂರಾಗಿ, ನಮ್ಮವರೇ ವಂತಿಗೆ ಎತ್ತಿ ಕಟ್ಟಿಸಿದ್ದು. ಮಂಜೂರು ಮಾಡಿದ ಕಚೇರಿಗೆ ಹೋಗಿ ಕೇಳಿದರೆ, ಮೇಡಂ, ನಕ್ಷೆಯಲ್ಲಿ ಸೈಟ್ ಅಂತಲೇ ಇದೆ, ಕೋಡಿ ಅಂತ ಇಲ್ಲ ಎಂದರು. ಅವರ ನಕ್ಷೆಯಲ್ಲಿ ಇರಲಿಲ್ಲ, ನಿಜ. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿತ್ತು.

ಕೆರೆ ಉಳಿಸಬೇಕೆಂಬ ಬುದ್ಧಿ ಸರ್ಕಾರಕ್ಕೆ ಮೊದಲೇ ಬಂದಿತ್ತು ಎಂಬುದನ್ನೂ ಹೇಳಬೇಕು. 1980ರ ದಶಕದಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ, ಕೆರೆಗಳ ಏರಿ ಒಡೆಯಬೇಡಿ, ಕೊಳಚೆ ಬಿಡಬೇಡಿ ಎಂದಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದು ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟದ್ದನ್ನು ಪ್ರಶ್ನಿಸಿ 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಕೋರ್ಟು ಕೆರೆ ರಕ್ಷಣೆಗೆ ಜಿಲ್ಲಾ ಮಟ್ಟದ ಸಮಿತಿಗಳಾಗಬೇಕೆಂದು 2012ರಲ್ಲಿ ಆದೇಶಿಸಿತು. ಈ ನಡುವೆ 2011ರಲ್ಲಿ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಅಕ್ಕಪಕ್ಕದವರು ಟ್ರಸ್ಟ್ ಮಾಡಿಕೊಂಡು, ಪಾಲಿಕೆಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, 13 ಎಕರೆ ಚಿಲ್ಲರೆಯ ಆ ಕೆರೆಯ ನಿರ್ವಹಣೆ ವಹಿಸಿಕೊಂಡರು. ಬತ್ತುತ್ತಿದ್ದ ಕೆರೆಗೆ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನು ಹಾಯಿಸಿದರು. ಹಕ್ಕಿಗಳು ಬಂದವು. ಅದನ್ನು ನೋಡಿಬಂದ ಮೇಲೆ ನಮ್ಮಲ್ಲೂ ಕೆರೆ ಉಪಸಮಿತಿ ಹುಟ್ಟಿತು. ಮಣ್ಣು ತುಂಬಿಸಿ ಎಂದ ಸಂಘವೇ ಈಗ ಹೂಳೆತ್ತಿ ಎನ್ನತೊಡಗಿತು.

ಹೆಂಗಸರು ಸಂಘದೊಳಗೆ ಬಂದದ್ದೂ ಆ ವರ್ಷಗಳಲ್ಲೇ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ನಮ್ಮ ಪ್ರಸ್ತಾಪ ‘ಮಹಿಳೆಯರಿಂದ ಉಪಾಹಾರದ ವ್ಯವಸ್ಥೆ’ ಎಂದು ಮಾತ್ರ. 2012ರಲ್ಲಿ ಹೊರವಲಯದ ಹಳ್ಳಿಗಳವರು ನಿಮ್ಮ ಕಸ ನಮಗೆ ಬೇಡ ಎಂದು ಲಾರಿ ತಡೆದಾಗ ಬೀದಿ ಬೀದಿಯಲ್ಲಿ ಕಸದ ರಾಶಿ ಬಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದು ಪಾಲಿಕೆ ಆಜ್ಞೆ ಹೊರಡಿಸಿತು. ಮನೆ ಮನೆಗೆ ಹೋಗಿ ಬಕೆಟ್ ತೋರಿಸಿ ಹೇಳಿಕೊಡಬೇಕಾಗಿ ಬಂದಾಗ ಅಧ್ಯಕ್ಷರಿಗೆ ನಮ್ಮ ನೆನಪಾಯಿತು. ಪೌರಕಾರ್ಮಿಕ ಹೆಣ್ಣುಮಕ್ಕಳ ಹೆಸರು ನನಗೆ ಗೊತ್ತಾದದ್ದು ಆಗಲೇ.

ಇಷ್ಟೆಲ್ಲ ಹೇಳಿ ಒಂದು ಆಕ್ಷೇಪ ಬರೆಯದಿದ್ದರೆ ಅನ್ಯಾಯ. ನಮ್ಮಂಥ ಸಂಘಗಳ ಕೈಗೆ ಕೆರೆ ಬಂದ ಕೂಡಲೇ ನಾವು ಮೊದಲು ಮಾಡುವುದು ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ದನ ತೊಳೆಯಬಾರದು, ಬಟ್ಟೆ ಒಗೆಯಬಾರದು, ಮೀನು ಹಿಡಿಯಬಾರದು ಎಂದು ಬೋರ್ಡು ನೆಡುವುದು. ಬೆಳಗ್ಗೆ ವಾಕಿಂಗ್ ಹೋಗುವವರ ಕೆರೆ ಅದಾಗುತ್ತದೆ. ಹಸು ಕಟ್ಟಿಕೊಂಡಿರುವ ಹಳ್ಳಿಯ ಮನೆಗಳು ಕೆರೆಯ ಮಗ್ಗುಲಲ್ಲೇ ಇವೆ, ಅವರನ್ನು ಸಭೆಗೆ ಕರೆದ ದಾಖಲೆ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಬಾಡಿಗೆಗಿರುವವರಿಗೆ ಬೈಲಾದಲ್ಲಿ ಮತವೇ ಇಲ್ಲ. ಸಂಪಂಗಿ ಕೆರೆಯ ಬಂಗಲೆಯವರ ಅರ್ಜಿಗೂ ನಮ್ಮ ಬೋರ್ಡಿಗೂ ಬಹಳ ಅಂತರವಿದೆ ಎಂದು ನನಗೆ ಅನಿಸುವುದಿಲ್ಲ.

ಆದರೂ ಸಂಘ ಬಿಟ್ಟರೆ ಗತಿಯಿಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಆ ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಮೋರಿ ತುಂಬಿದರೂ ಮರ ಬಿದ್ದರೂ ಜನ ಬಾಗಿಲು ಬಡಿಯುವುದು ಸಂಘದವರ ಮನೆಯದೇ.

ನಿಮ್ಮ ಬಡಾವಣೆಯ ಸಂಘದ ಹಳೆಯ ನಡಾವಳಿ ಪುಸ್ತಕಗಳು ಯಾರದೋ ಅಟ್ಟದ ಮೇಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಗೆದ್ದಲು ಮುಟ್ಟುವ ಮೊದಲು ಪುಟ ಪುಟವನ್ನೂ ಫೋಟೋ ತೆಗೆದಿಡಿ. ಗ್ರಾಮ ನಕ್ಷೆಯ ಪ್ರತಿ ತರಿಸಿಕೊಳ್ಳಿ. ತೂಬು ಎಲ್ಲಿತ್ತು, ಕೋಡಿ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸಬಲ್ಲ ಹಿರಿಯರು ಪಕ್ಕದ ಹಳ್ಳಿಯಲ್ಲಿದ್ದರೆ, ಮುಂದಿನ ಮಳೆಗಾಲಕ್ಕೆ ಮುಂಚೆ ಅವರ ಜೊತೆ ಒಂದು ಸುತ್ತು ಬನ್ನಿ. ಸಭೆಗೂ ಕರೆಯಿರಿ.